ಸೋಫಾದ ಬೆನ್ನು

"ಓರೆ ಮಾಡ್ರೋ! ಓರೆ! ಎಡಗಡೆ ಎತ್ತಿ, ಎಡಗಡೆ!"

ನಾಲ್ಕು ಜನ ಹಿಡಿದಿದ್ದ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅರ್ಧ ಮನೆಯೊಳಗೆ, ಅರ್ಧ ಬೀದಿಯಲ್ಲಿ. ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ. ಹಿಂದಿನ ಕೋಣೆಯಲ್ಲಿ ಅದನ್ನು ಮಾಡಿದವನು ಬಿಳಿ ಬಟ್ಟೆಯ ಕೆಳಗೆ ಮಲಗಿದ್ದ. ಅವನನ್ನು ಗಾಡಿಗೆ ಒಯ್ಯಬೇಕಾದರೆ ಮೊದಲು ಸೋಫಾ ಹೊರಗೆ ಹೋಗಬೇಕಿತ್ತು. ಅದು ಇದ್ದರೆ ಮುಂದಿನ ಕೋಣೆಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೇ ಜಾಗ.

"ಒಳಗೆ ಹೆಂಗೆ ಬಂತು ಮಾರಾಯ್ರೆ ಇದು?" ಪಕ್ಕದ ಕ್ಷೌರದಂಗಡಿಯವನು ಏದುಸಿರು ಬಿಡುತ್ತ ಕೇಳಿದ.

"ಬರ್ಲೇ ಇಲ್ಲ," ಒಳಗಿನಿಂದ ಸತ್ತವನ ಹೆಂಡತಿ ಹೇಳಿದಳು. "ಒಳಗೇ ಹುಟ್ಟಿದ್ದು."

ಶವ ಸಾಗಿಸುವ ಗಾಡಿಯ ಡ್ರೈವರು ಕಿಟಕಿಯಿಂದ ತಲೆ ಹಾಕಿದ. "ಸ್ವಲ್ಪ ಬೇಗ ಸಾರ್. ಇನ್ನೊಂದು ಮನೆಗೆ ಹೋಗ್ಬೇಕು. ಕಾಯ್ತಿರ್ತಾರೆ."

"ಯಾರಪ್ಪ ಕಾಯ್ತಿರೋರು? ಸತ್ತೋರಾ?" ಎಂದ ಕ್ಷೌರದವನು.

ಯಾರೋ ನಕ್ಕರು. ನಕ್ಕವರು ಕೂಡಲೇ ಬಾಯಿ ಮುಚ್ಚಿಕೊಂಡರು.

ಸತ್ತವನ ಅಣ್ಣ ಮನೆ ದಲ್ಲಾಳಿ. ಅಳುವ ಮನೆಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. "ಗರಗಸ ತರ್ರಿ," ಎಂದ. "ಒಂದು ಕೈ ಕುಯ್ದು ಹಾಕಿದ್ರೆ ಮುಗೀತು. ಇನ್ಯಾರು ಕೂರ್ತಾರೆ ಇದರ ಮೇಲೆ?"

ಸತ್ತವನ ಮಗಳು ಎದ್ದಳು. ಅಪ್ಪನ ಚೀಲದಿಂದ ಸ್ಪ್ಯಾನರ್ ತೆಗೆದು ಸೋಫಾದ ಕೆಳಗೆ ಅಂಗಾತ ನುಸುಳಿದಳು. ಬಟ್ಟೆಯ ಅಂಚನ್ನು ಹಿಡಿದು ಎಳೆದಾಗ ಸಣ್ಣ ಮೊಳೆಗಳು ಪಟಪಟ ಉದುರಿದವು. ಬೋಲ್ಟು ಬಿಚ್ಚಿದಳು. ಸೋಫಾದ ಎಡಗೈ ಕಳಚಿ ದೊಡ್ಡಪ್ಪನ ಕಾಲ ಬಳಿ ಬಿತ್ತು.

"ಬಿಚ್ಚೋಕೆ ಬರುತ್ತೆ ದೊಡ್ಡಪ್ಪ," ಎಂದಳು. "ಕುಯ್ಯೋದು ಬೇಡ."

ಸೋಫಾ ಸರಾಗ ಹೊರಗೆ ಬಂತು. ಗಡಿಬಿಡಿಯಲ್ಲಿ ಅದನ್ನು ಮುಖ ಮನೆಗೆ, ಬೆನ್ನು ಬೀದಿಗೆ ಮಾಡಿ ಇಟ್ಟರು.

ಬೀದಿ ಮೊದಲ ಸಲ ಅದರ ಬೆನ್ನು ನೋಡಿತು.

ಮುಂದೆಲ್ಲ ಕಡುನೀಲಿ ಮಖಮಲ್ಲು, ಹಿಂದೆ ತುಂಡು ತುಂಡು. ಕೆಂಪು ರೆಕ್ಸಿನ್, ಪಟ್ಟೆ ಬಟ್ಟೆ, ಹೂವಿನ ಬಟ್ಟೆ, ಬಸ್ಸಿನ ಸೀಟಿನ ಬೂದು. ಅಂಗೈ ಅಗಲದ್ದೊಂದು, ನಾಲ್ಕು ಬೆರಳಿನದೊಂದು. ಆದರೆ ಒಂದು ಹೊಲಿಗೆಯೂ ಸೊಟ್ಟ ಇರಲಿಲ್ಲ.

"ಇದು ನನ್ನ ಕುರ್ಚಿದು!" ಕ್ಷೌರದವನು ಕೆಂಪಿನ ಮೇಲೆ ಬೆರಳಿಟ್ಟ.

ಟೈರ್ ಅಂಗಡಿಯವನ ಹೆಂಡತಿ ಬಗ್ಗಿ ನೋಡಿದಳು. "ಅಯ್ಯೋ, ಈ ಹೂವಿಂದು ನಮ್ದು. ಒಂಚೂರೂ ಉಳೀಲಿಲ್ಲಮ್ಮ ಅಂದಿದ್ದನಲ್ಲ ಈ ಮೊಳೆಬಾಯಿ! ಕಳ್ಳ!" ಅಂದವಳು ಆ ತುಂಡಿನ ಮೇಲೆ ಕೈಯಿಟ್ಟುಕೊಂಡು ಜೋರಾಗಿ ಅತ್ತಳು.

ಮೊಳೆಬಾಯಿ ಎಂದೇ ಬೀದಿ ಅವನನ್ನು ಕರೆಯುತ್ತಿತ್ತು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹಾಕುವ ಕೆಲಸಕ್ಕೆ ಕೂತರೆ ಬಾಯಿ ತುಂಬ ಮೊಳೆ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಬೆರಳಿಗೆ ಕೊಟ್ಟು, ಸುತ್ತಿಗೆಯಿಂದ ಹೊಡೆಯುತ್ತಿದ್ದ. ಯಾರು ಏನೇ ಕೇಳಿದರೂ ಉತ್ತರ "ಮ್ಮ್" ಅಷ್ಟೆ.

ದಲ್ಲಾಳಿ ಮಾತ್ರ ಸೋಫಾದ ಬೆನ್ನನ್ನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದ. ತಮ್ಮನ ಹೆಂಡತಿಯನ್ನು ಗೋಡೆಯ ಪಕ್ಕಕ್ಕೆ ಕರೆದ.

"ನೋಡಮ್ಮ, ಆ ಕಾಲೇಜಿನ ಮೇಡಂ ಇವತ್ತೇ ಅಲ್ವಾ ಬರೋದು?"

"ಹೌದು ಭಾವ."

"ಫೋನ್ ಮಾಡಿ ಬೇಡ ಅನ್ನಬೇಡ. ಬರ್ಲಿ. ಸೋಫಾ ಹೀಗೇ ಇರ್ಲಿ, ಬೆನ್ನು ಬೀದಿಗೆ. ಬಂದ ತಕ್ಷಣ ಇದೇ ಕಣ್ಣಿಗೆ ಬೀಳ್ಬೇಕು. ನಾನು ಮನೆ ತೋರಿಸಿ ಬದುಕೋನು. ಯಾರಿಗೆ ಯಾವ ಗೋಡೆ ತೋರಿಸ್ಬೇಕು ಅಂತ ನನಗೆ ಗೊತ್ತು. ನೀನು ಸ್ವಲ್ಪ ಅತ್ತುಬಿಡು, ಮಗಳ ಫೀಸು ಪೂರ್ತಿ ಮಾಫಿ. ಆಗಲ್ವಾ, ಇಲ್ಲೇ ಹತ್ತಿರದ ಕಾಲೇಜಲ್ಲಿ ಬಿಟ್ಟಿ ಸೀಟು ಇದೆ. ಸುಮ್ನೆ ಅಲ್ಲಿಗೆ ಸೇರಿಸು. ಅವನ ಜಂಬದಿಂದ ಆಗಿದ್ದು ಸಾಕು."

ಇದೇ ಮಾತನ್ನು ಮೊನ್ನೆ ಅವಳೂ ಗಂಡನ ಹತ್ತಿರ ಆಡಿದ್ದಳು.

*

ಎರಡು ಕಾಲೇಜು ಮಗಳನ್ನು ಕರೆದಿದ್ದವು. ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜು ಒಂದು ಕಾಸೂ ಕೇಳಿರಲಿಲ್ಲ. ಆದರೆ ಅಲ್ಲಿ ಸಿಕ್ಕಿದ್ದು ಲೆಕ್ಕಪತ್ರ. ದೂರದ ಕಾಲೇಜು ಭೂವಿಜ್ಞಾನ ಕೊಟ್ಟಿತ್ತು. ಅವಳು ಕೇಳಿದ್ದೂ ಅದನ್ನೇ. ಫೀಸು ಕೇಳಿದರೆ ಮಾತ್ರ ಎದೆ ಧಸಕ್ಕೆನ್ನಬೇಕು. ಮನೆಯ ಸ್ಥಿತಿ ನೋಡಿ ನೆರವು ಎಷ್ಟೆಂದು ಹೇಳುತ್ತೇವೆ, ನಮ್ಮವರೊಬ್ಬರು ಬರುತ್ತಾರೆ ಎಂದಿದ್ದರು.

ಅಂಗಡಿಯಲ್ಲಿ ಗಂಡ ಹೆಂಡತಿ ಎದುರುಬದುರು ಕೂರುತ್ತಿದ್ದರು. ಅವನು ಮೊಳೆ ಹೊಡೆಯುವವನು, ಅವಳು ಮೆಷಿನ್ ತುಳಿಯುವವಳು.

"ಕಲ್ಲು ಓದೋಕೆ ಅಷ್ಟು ದೂರಾನಾ ರೀ? ಕಲ್ಲು ಬೀದೀಲೇ ಬಿದ್ದಿದಾವೆ."

"ಮ್ಮ್."

"ಮ್ಮ್ ಅಂದ್ರೆ ಏನರ್ಥ? ಓದಿ ಏನ್ ಮಾಡ್ತಾಳೆ?"

ಅವನು ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡ. ದೊಡ್ಡ ಮಾತು ಬರುವ ಲಕ್ಷಣ ಅದು.

"ನೀರು ಎಲ್ಲಿದೆ ಅಂತ ಹೇಳ್ತಾಳಂತೆ. ಗುಡ್ಡ ಯಾವಾಗ ಜಾರುತ್ತೆ ಅಂತ ಹೇಳ್ತಾಳಂತೆ. ಸೋಫಾ ನೋಡಿದ್ರೆ ಸ್ಪ್ರಿಂಗ್ ಎಲ್ಲಿ ಕುಸಿದಿದೆ ಅಂತ ನಾನು ಹೇಳ್ತೀನಲ್ಲ, ಹಾಗೆ. ಚಿಕ್ಕೋಳಿದ್ದಾಗಿಂದ ಕಲ್ಲು ಆರಿಸ್ತಾಳೆ. ಅದಕ್ಕೆ ಮಖಮಲ್ಲಿನ ಡಬ್ಬ ಮಾಡಿಕೊಟ್ಟೋನು ನಾನು. ಈಗ ಲೆಕ್ಕ ಬರೀ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮೊಳೆ ಹಾಕ್ಕೊಂಡಿರೋ ಬಾಯಲ್ಲಿ ಹೇಳಿ," ಎಂದಳು ಅವಳು. ಅವನು ನಕ್ಕ. ಒಂದು ಮೊಳೆ ಕೆಳಗೆ ಬಿತ್ತು.

ಕಾಲೇಜಿನವರು ಬರುವ ವಾರ ಅವನು ತನ್ನ ಮನೆಯ ಸೋಫಾವನ್ನು ನೋಡಿದ. ಊರಿನ ಸೋಫಾಗಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದವನ ಮನೆಯದು ಮದುವೆಯ ಕಾಲದಿಂದ ಹರಿದೇ ಇತ್ತು. ಮೇಲೊಂದು ಹಳೆ ಬೆಡ್‌ಶೀಟು.

"ಮೇಷ್ಟ್ರುಗಳ ಜಾಗದಿಂದ ಬರ್ತಿದಾರೆ. ಹರಿದದ್ದರ ಮೇಲೆ ಕೂರಿಸ್ಲಾ? ನನ್ನ ಮನೇಲಿ?"

ಅದೇ ಕೋಣೆಯಲ್ಲಿ, ಅದೇ ಜಾಗದಲ್ಲಿ, ಕಟ್ಟಿಗೆ ಸೇರಿಸಿ ಅಗಲ ಮಾಡಿ ಹೊಸದಾಗಿ ಕಟ್ಟಿದ. ಬಾಗಿಲಿನ ಅಳತೆ ನೋಡುವ ಯೋಚನೆ ಅವನಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ದೊಡ್ಡ ಹೋಟೆಲಿನ ಕೆಲಸದಲ್ಲಿ ಉಳಿದಿದ್ದ ನೀಲಿ ಮಖಮಲ್ಲು ಮುಂಭಾಗಕ್ಕೆ ಸರಿಹೋಯಿತು. ಬೆನ್ನಿಗೆ ಸಾಲಲಿಲ್ಲ. ಚೂರುಗಳ ಮೂಟೆ ಬಿಚ್ಚಿದರು. ಅವನು ಜೋಡಿಸಿದ, ಅವಳು ಹೊಲಿದಳು.

"ಗೋಡೆ ಕಡೆಗಿರೋದಕ್ಕೆ ಇಷ್ಟು ನೀಟಾಗಿ ಯಾಕ್ರೀ?"

"ಗೋಡೆ ನೋಡಲ್ವಾ?" ಎಂದಿದ್ದ.

ಮೇಡಂ ಬಂದರು, ಕೂತರು, ಸೋಫಾದ ಕೈಯನ್ನು ಸವರಿದರು. "ತುಂಬಾ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

ಅವನ ಮುಖ ಅರಳಿತು. "ತಗೊಂಡಿದ್ದಲ್ಲ ಮೇಡಂ, ನಂದೇ ಕೆಲಸ. ದೊಡ್ಡ ಹೋಟೆಲ್‌ನಲ್ಲಿ ಇದೇ ಬಟ್ಟೆ ಇದೆ, ನೋಡಿ ಬೇಕಾದ್ರೆ."

ಮೇಡಂ ಏನೋ ಬರೆದುಕೊಂಡರು. ನೆರವು ಅರ್ಧ ಬಂತು. ಮನೆಯ ಸ್ಥಿತಿ ಉತ್ತಮ ಎಂಬ ಕಾರಣವೂ ಜೊತೆಗೆ ಬಂತು.

ಅವಳು ಅವತ್ತು ಅವನನ್ನು ಬಿಡಲಿಲ್ಲ. "ಬಡವರು ನಾವು ಅಂತ ನೆನಪಿರಲಿಲ್ವಾ ನಿಮಗೆ? ಸೋಫಾ ಬೇಕಿತ್ತಾ? ಕಟ್ಲಿ ಈಗ ನಿಮ್ಮ ಸೋಫಾನೇ ಅವಳ ಫೀಸು!" ತಾನೇ ಫೋನ್ ಮಾಡಿ ಜಗಳವಾಡಿ ಇನ್ನೊಂದು ಸಲ ಬರುವಂತೆ ಒಪ್ಪಿಸಿದಳು. ಅವರು ಬರುವಾಗ ಸೋಫಾವನ್ನು ಅಂಗಡಿಗೆ ಸಾಗಿಸೋಣ, ಕ್ಷೌರದವನ ಮುರುಕು ಬೆಂಚು ತಂದು ಹಾಕೋಣ ಎಂದಳು.

"ಇಲ್ಲ."

"ಬರೀ ಒಂದು ಗಂಟೆ ಹೊತ್ತು ರೀ."

"ದುಡ್ಡಿಲ್ಲ ಅಂತ ಹೇಳ್ತೀನಿ, ಅದರಲ್ಲಿ ನಾಚಿಕೆ ಏನಿಲ್ಲ. ಕೈಲಾಗದವನು ಅಂತ ವೇಷ ಹಾಕಲ್ಲ. ಅವಳು ಓದೋಕೆ ಹೋಗ್ತಿರೋದು. ನಾವೇನು ಬೇಡೋಕೆ ಕಳಿಸ್ತಿದ್ದೀವಾ?"

ಅವಳು ಮಾತು ಬಿಟ್ಟಳು. ಮಾರನೆಯ ದಿನ ಅಂಗಡಿಗೂ ಹೋಗಲಿಲ್ಲ. ಅವನೊಬ್ಬನೇ ಕ್ಷೌರದಂಗಡಿಯ ಕುರ್ಚಿಯ ಸೀಟು ಬಿಚ್ಚಿಕೊಂಡು ಕೂತಿದ್ದ. ಕೂತಲ್ಲೇ ಆ ಕುರ್ಚಿಗೆ ಒರಗಿದ. ಮತ್ತೆ ಏಳಲಿಲ್ಲ.

*

ಸ್ಮಶಾನದಿಂದ ಹೆಜ್ಜೆ ಕಿತ್ತಿಡುತ್ತ ವಾಪಸ್ಸು ಬರುವಾಗ ಕ್ಷೌರದವನು ಸತ್ತವನ ಹೆಂಡತಿಯ ಪಕ್ಕಕ್ಕೆ ಬಂದ. ಕರ್ಚೀಫಿನ ಗಂಟೊಂದನ್ನು ಅವಳ ಕೈಯಲ್ಲಿಟ್ಟ.

"ಏನಪ್ಪ ಇದು?"

"ಮೊಳೆ, ಅತ್ತಿಗೆ. ನಾನು ಹೋಗಿ ನೋಡಿದಾಗ ಅಣ್ಣನ ಬಾಯಲ್ಲೇ ಇದ್ವು. ಡಾಕ್ಟರು ಬರೋಕೆ ಮುಂಚೆ ತೆಗೆದೆ." ಎರಡು ಹೆಜ್ಜೆ ನಡೆದು ಸೇರಿಸಿದ, "ತೊಳೆದಿದ್ದೀನಿ."

ಅವಳು ಗಂಟನ್ನು ಬಿಗಿಯಾಗಿ ಹಿಡಿದಳು.

ಬೀದಿ ತಿರುಗುವಾಗಲೇ ಮೇಡಂ ಕಂಡರು. ವಿಷಯ ಗೊತ್ತಿರಲಿಲ್ಲ ಅವರಿಗೆ. ಮುಚ್ಚಿದ ಬಾಗಿಲು, ಬೀದಿಯಲ್ಲಿ ಒಂದು ಕೈ ಇಲ್ಲದ ಸೋಫಾ, ಮುಂದೆ ಬ್ಯಾಗು ಹಿಡಿದು ನಿಂತ ಅವರು. ತುಂಡು ತುಂಡಾದ ಬೆನ್ನನ್ನೇ ನೋಡುತ್ತಿದ್ದರು. ದಲ್ಲಾಳಿ ಎಲ್ಲರಿಗಿಂತ ಮೊದಲು ಓಡಿದ.

"ಬನ್ನಿ ಮೇಡಂ, ಬನ್ನಿ. ನಮ್ಮ ತಮ್ಮ ಹೋಗಿಬಿಟ್ಟ. ಈಗಷ್ಟೇ ಬಿಟ್ಟು ಬಂದ್ವಿ. ನೋಡಿ, ನೀವೇ ಕಣ್ಣಾರೆ ನೋಡಿ, ಇದು ಈ ಮನೆ ಪರಿಸ್ಥಿತಿ! ಚಿಂದಿ! ಮುಂದಿನ ಬಟ್ಟೆ ಹೋಟೆಲ್‌ನವರು ಬಿಸಾಕಿದ್ದು. ತಂದೆ ಇಲ್ಲದ ಮಗು..."

"ನಾನು ಮಗು ಅಲ್ಲ," ಎಂದಳು ಮಗಳು. ಹಲ್ಲು ಕಚ್ಚಿದ್ದಳು.

ಮೇಡಂ ಬಾಯಿ ಮೇಲೆ ಕೈಯಿಟ್ಟುಕೊಂಡರು. "ದಯವಿಟ್ಟು ಕ್ಷಮಿಸಿ, ನನಗೆ ಯಾರೂ ಹೇಳಲಿಲ್ಲ. ಇನ್ನೊಂದು ದಿನ ಬರ್ತೀನಿ ಅಂದ್ರೆ, ಸೀಟು ಒಪ್ಪಿಕೊಳ್ಳೋಕೆ ಇವತ್ತೇ ಕೊನೆ." ಫೋನ್ ತೆಗೆದರು. ಮತ್ತೆ ಸೋಫಾದ ಬೆನ್ನನ್ನು ನೋಡಿದರು. "ಇದರ ಒಂದು ಫೋಟೋ ತಗೊಂಡು ಸೇರಿಸಿಬಿಟ್ರೆ ಪೂರ್ತಿ ನೆರವು ಕೇಳಬಹುದು. ಮನೆ ಸಾಮಾನು ಅಂತ ಒಂದು ಕಾಲಂ ಇದೆ."

"ತಗೊಳ್ಳಿ ಮೇಡಂ, ತಗೊಳ್ಳಿ!" ಎಂದ ದಲ್ಲಾಳಿ.

ಒಂದು ಫೋಟೋ. ಮಗಳು ಅಮ್ಮನ ಮುಖ ನೋಡಿದಳು. ಬೀದಿಯೂ ನೋಡಿತು.

"ಭಾವ, ಆ ಕಡೆ ಹಿಡೀರಿ," ಎಂದಳು ಅವಳು.

"ಏನು?"

"ಸೋಫಾ. ತಿರುಗಿಸ್ಬೇಕು."

"ತಲೆ ಕೆಟ್ಟಿದೆಯಾ ನಿನಗೆ? ಮಗಳ ಬಾಳು..."

ಅವಳು ಕಾಯಲಿಲ್ಲ. ಒಂದು ಕಡೆ ತಾನೇ ಎತ್ತಿದಳು, ಇನ್ನೊಂದು ಕಡೆಗೆ ಕ್ಷೌರದವನು ಹಾರಿ ಬಂದ. ಸೋಫಾ ಬೆನ್ನು ಗೋಡೆಗೆ, ಮುಖ ಬೀದಿಗೆ ಆಗಿ ಕೂತಿತು. ಬಿಸಿಲು ಬಿದ್ದು ಮಖಮಲ್ಲು ಮಿಂಚಿತು.

"ಕೂತ್ಕೊಳ್ಳಿ ಮೇಡಂ. ನೀವು ಕೂರ್ಲಿ ಅಂತಲೇ ಮಾಡಿದ್ದು."

ಮೇಡಂ ಕೂತರು.

"ಹೋದ ಸಲ ಈ ಸೋಫಾ ನೋಡಿ ನಮ್ಮನ್ನ ಅನುಕೂಲಸ್ಥರು ಅಂತ ಬರೆದ್ರಿ. ಬೇಕರಿಯವನ ಮನೇಲಿ ಬ್ರೆಡ್ ಇದ್ರೆ ಸಾಹುಕಾರ ಅಂತ ಬರೀತೀರಾ? ಇವರು ಸೋಫಾ ಮಾಡೋರು. ಸೋಫಾ ಮಾಡಿದ್ರು. ಈಗ ಇದರ ಬೆನ್ನು ನೋಡಿ ಭಿಕಾರಿಗಳು ಅಂತ ಬರೀಬೇಕು ಅಂತಿದೀರಿ. ಬಟ್ಟೆ ಸಾಲ್ಲಿಲ್ಲ, ಚೂರು ಸೇರಿಸಿದ್ವಿ. ಅಷ್ಟೆ. ನಾನೇ ಹೊಲಿದಿದ್ದು. ಅದು ತೋರಿಸಿ ಅಳೋಕೆ ಹೊಲಿದಿದ್ದಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳಿದೆ ನಾನು."

"ಗೊತ್ತು. ಮೊನ್ನೆ ನಾನೂ ಇದನ್ನೇ ಹೇಳಿದ್ದೆ ಅವರಿಗೆ." ಕರ್ಚೀಫಿನ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಸತ್ತದ್ದು ಬರೀರಿ. ಎರಡು ಜನ ದುಡೀತಿದ್ರು, ಈಗ ಒಬ್ಬಳು ಅಂತ ಬರೀರಿ. ಅದು ನಿಜ. ಅದಕ್ಕೆ ಎಷ್ಟು ಬರಬೇಕೋ ಅಷ್ಟು ಕೊಡಿ, ಅದು ಅವಳ ಹಕ್ಕು. ಸೋಫಾನ ಮಾತ್ರ ಸೇರಿಸಬೇಡಿ. ಈ ಕಡೆಯಿಂದಲೂ ಬೇಡ, ಆ ಕಡೆಯಿಂದಲೂ ಬೇಡ."

"ಬರೀತೀನಿ," ಎಂದರು ಮೇಡಂ, ಫೋನನ್ನು ಬ್ಯಾಗಿಗೆ ಹಾಕುತ್ತ. "ಪೂರ್ತಿ ಸಿಗುತ್ತೆ ಅಂತ ಮಾತು ಕೊಡೋಕೆ ಆಗಲ್ಲ."

"ಕೇಳಿಸ್ತಾ?" ದಲ್ಲಾಳಿ ಕೂಗಿದ. "ಮಾತು ಕೊಡೋಕಾಗಲ್ವಂತೆ! ಇಲ್ಲಿ ಬಿಟ್ಟಿ ಸೀಟು ಇಟ್ಕೊಂಡು..."

ಅವಳು ಮಗಳ ಕಡೆ ತಿರುಗಿದಳು. "ಫೋನಲ್ಲೇ ಒಪ್ಪಿಕೊಳ್ಳೋದು ಅಲ್ವಾ?"

"ಹೌದಮ್ಮ. ಒಂದು ಸಲ ಒತ್ತಿದ್ರೆ ಇಲ್ಲಿನ ಸೀಟು ಹೋಗುತ್ತೆ."

"ಹೋಗ್ಲಿ. ಒತ್ತು."

"ಅಮ್ಮಾ, ಅರ್ಧವೇ ಬಂದ್ರೆ?"

"ಇನ್ನರ್ಧಕ್ಕೆ ಅಂಗಡಿ ಇದೆ, ನಾನಿದ್ದೀನಿ. ಕಲ್ಲು ಓದ್ತೀಯೋ ಇಲ್ವೋ?"

ಮಗಳು ಅಪ್ಪನ ಸೋಫಾದ ಅಂಚಿನಲ್ಲಿ, ಕೈ ಇಲ್ಲದ ಕಡೆ ಕೂತು ಒತ್ತಿದಳು.

ಮೇಡಂ ಹೋದರು. ದಲ್ಲಾಳಿ ಹೋಗಲಿಲ್ಲ. ಅಮ್ಮ ಒಳಗೆ ಹೋಗಿ ಗಂಡನ ಸುತ್ತಿಗೆ ತಂದಳು. ಮಗಳು ಬೋಲ್ಟು ಬಿಗಿದಳು. ಕಿತ್ತು ಬಂದಿದ್ದ ಬಟ್ಟೆಯನ್ನು ಎಳೆದು ಹಿಡಿದು ಅಮ್ಮ ಬೀದಿಯಲ್ಲೇ ಮಂಡಿಯೂರಿದಳು. ಕರ್ಚೀಫಿನ ಗಂಟು ಬಿಚ್ಚಿದಳು.

"ಒಬ್ಬಳೇ ಹೆಂಗಮ್ಮ ನಡೆಸ್ತೀಯಾ? ಹಾಸ್ಟೆಲ್ಲು, ಊಟ, ಪುಸ್ತಕ! ಯಾರು ಕೊಡ್ತಾರೆ? ನನ್ನ ಬಾಗಿಲಿಗೆ ಬರಬೇಡ ಆಮೇಲೆ. ಹೇಳು, ಏನ್ ಮಾಡ್ತೀಯಾ? ಬಾಯಿ ಬಿಡು!"

ಅವಳು ಬಾಯಿ ಬಿಟ್ಟಳು. ಮೊಳೆಗಳನ್ನೆಲ್ಲ ಒಳಗೆ ಹಾಕಿಕೊಂಡು ಮುಚ್ಚಿದಳು.

"ಮ್ಮ್," ಎಂದಳು.

ಮೊದಲನೆಯ ಮೊಳೆ ತುಟಿಗೆ ಬಂತು. ಸುತ್ತಿಗೆ ಬಿತ್ತು. ಕ್ಷೌರದವನು ತನ್ನ ಅಂಗಡಿಯ ಸೀಟಿಲ್ಲದ ಕುರ್ಚಿಯನ್ನು ದರದರ ಎಳೆದುಕೊಂಡು ಬಂದ. ಅದರ ಪಕ್ಕ ನಿಂತ. ಅವಳು ತಲೆಯೆತ್ತಲಿಲ್ಲ. ಎರಡನೆಯ ಮೊಳೆ ಹೊಡೆದು, ಅಲ್ಲಿಡು ಎಂದು ಸುತ್ತಿಗೆಯಿಂದ ತೋರಿಸಿದಳು.