ರೆಪ್ಪೆ ಬಡಿಯದವರ ಹಾಜರಿ

“ರೆಪ್ಪಿ ಬಡಿಯಲೇ, ರೆಪ್ಪಿ. ಬಾಯಿ ಯಾಕ ತಗೀತಿ, ಹುಚ್ಚ ಸೂಳೆಮಗನ?”

ಇಂಜಿನಿಯರ್ ಶಾಂತಕುಮಾರ ಸಾಹೇಬರು ಇಷ್ಟು ಪ್ರೀತಿಯಿಂದ ಕೇಳಿಕೊಳ್ಳುತ್ತಿದ್ದದ್ದು ನಮ್ಮ ಕಳಕೇಶನನ್ನು. ಕೆರೆಯ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸಕ್ಕೆ ನಾವೆಲ್ಲ ಸಾಲು ನಿಂತಿದ್ದೆವು. ಈಗ ಹಾಜರಿಗೆ ಬರೀ ಮುಖ ಸಾಲದು. ಸಾಹೇಬರ ಫೋನಿನ ಮುಂದೆ ನಿಂತು, ಅದು ಹೇಳಿದಾಗ ರೆಪ್ಪೆ ಬಡಿಯಬೇಕು. ಬಡಿದರೆ ಜೀವಂತ, ಇಲ್ಲದಿದ್ದರೆ ಇಲ್ಲ.

ಕಳಕೇಶನಿಗೆ ಮೂವತ್ತು ದಾಟಿದೆ. ಬುದ್ಧಿ ಹುಟ್ಟಿನಿಂದಲೇ ನಿಧಾನ ನಡೆಯುತ್ತದೆ, ಅದಕ್ಕೆ ಯಾವ ಅವಸರವೂ ಇಲ್ಲ. ಫೋನಿನೊಳಗೆ ತನ್ನ ಮುಖ ಕಂಡರೆ ಸಾಕು, ಕಣ್ಣರಳಿಸಿ, ಬಾಯಿ ತೆರೆದು ನಗುತ್ತ ನಿಂತುಬಿಡುತ್ತಾನೆ. ಫೋನು ಮತ್ತೊಮ್ಮೆ ತೀರ್ಪು ಕೊಟ್ಟಿತು: ಜೀವಂತ ವ್ಯಕ್ತಿ ಕಂಡುಬಂದಿಲ್ಲ.

ರೆಪ್ಪೆ ಬಡಿಯದವರು ದೇವತೆಗಳು ಎಂದು ಪುರಾಣ ಹೇಳುವ ಅಯ್ಯನವರ ಬಾಯಲ್ಲಿ ಕೇಳಿದ್ದೆವು. ದೇವತೆಗಳು ಖಾತ್ರಿ ಕೆಲಸಕ್ಕೆ ಬಂದರೆ ಗೈರುಹಾಜರಿ ಬೀಳುತ್ತದೆ ಎಂಬುದು ಅಯ್ಯನವರಿಗೂ ಗೊತ್ತಿರಲಿಕ್ಕಿಲ್ಲ.

ವಿಶೇಷಚೇತನರ ದಿನಾಚರಣೆಯಲ್ಲಿ ಇದೇ ಸಾಹೇಬರು ಕಳಕೇಶನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಹೆಗಲ ಮೇಲೆ ಕೈಯಿಟ್ಟು, ಇಂಥವರು ನಮ್ಮೊಳಗಿನವರೇ, ದೂರ ಮಾಡಬೇಡಿ ಎಂದು ಮೈಕಿನಲ್ಲಿ ಗದ್ಗದರಾಗಿದ್ದರು. ಫೋಟೋ ತೆಗೆಸಿಕೊಂಡಿದ್ದರು. ಆ ಫೋಟೋಕ್ಕೆ ರೆಪ್ಪೆ ಬೇಕಾಗಿರಲಿಲ್ಲ.

ನಮ್ಮ ಟೋಳಿಯ ಕೆಲಸ ನೋಡಿಕೊಳ್ಳುವ ಮೇಟಿಗೆ ಸರಕಾರ ಕಾಯಕಬಂಧು ಎಂಬ ಚಂದದ ಹೆಸರಿಟ್ಟಿದೆ. ಆ ಕಾಯಕಬಂಧು ವಿರುಪಾಕ್ಷಿ ಮೆಲ್ಲಗೆ ಬಾಯಿ ತೆರೆದು, ಹೆಣ್ಣುಮಕ್ಕಳಿಗೆ ಬುಟ್ಟಿ ಹೊರಿಸುವವನು ಕಳಕೇಶನೇ, ತಲೆಯ ಸಿಂಬಿಯ ಮೇಲೆ ಬುಟ್ಟಿ ಸರಿಯಾಗಿ ಕೂಡುವ ತನಕ ಕೈ ಬಿಡುವವನಲ್ಲ ಎಂದ. ಸಾಹೇಬರು ಒಂದು ನೋಟ ನೋಡಿದರು. ಬಂಧುತ್ವ ಅಲ್ಲಿಗೇ ಮುಗಿಯಿತು.

ಇಂಥವರಿಗೆ ಪಿಂಚಣಿ ಇದೆ, ಮನೆಯೇ ಸ್ವರ್ಗ, ನಾಳೆಯಿಂದ ಕರೆತರಬೇಡಿ ಎಂದು ಅಪ್ಪಣೆಯಾಯಿತು. ಕಳಕೇಶನ ತಾಯಿ ಸಣ್ಣವ್ವ ಸಾಲು ಬಿಟ್ಟು ಮುಂದೆ ಬಂದಳು.

“ಸಾಹೇಬ್ರ, ಮನ್ಯಾಗ ಬಿಟ್ರ ಹೊರಗಿಂದ ಚಿಲಕ ಹಾಕಿ ಬರಬೇಕ್ರಿ. ಕೈಗೆ ರಕ್ತ ಬರೂ ಮಟಾ ಬಾಗಲಾ ಬಡೀತಾನ. ಇಲ್ಲಿ ಮಂದ್ಯಾಗ ಛಲೋ ಅದಾನ್ರಿ.”

“ಹಂಗಾರ ಚಿಲಕ ಗಟ್ಟಿ ಹಾಕ.”

ಯಾರಾದರೂ ನಕ್ಕಾರೇನೋ ಎಂದು ಸಾಹೇಬರು ಸುತ್ತ ನೋಡಿದರು. ಕಳಕೇಶ ಒಬ್ಬನೇ ನಕ್ಕ. ಹಾರ ಹಾಕಿದ ದಿನದಿಂದ ಅವನಿಗೆ ಸಾಹೇಬರ ಮೇಲೆ ಭಾಳ ವಿಶ್ವಾಸ.

ಆ ವಿಶ್ವಾಸದ ರಟ್ಟೆ ಹಿಡಿದು ಸಾಲಿನಿಂದಾಚೆ ನೂಕಿ, ಮುಂದಿನವರು ಬರಲಿ ಎಂದರು. ಮುಂದಿದ್ದವಳು ಜುಬೇದಾಬೀ. ಫೋನು ಎತ್ತಿದ ಕೂಡಲೇ ಕಣ್ಣು ಅಗಲ ಮಾಡಿ ನಿಂತಳು.

“ರೆಪ್ಪಿ ಬಡಿ ಬೇ.”

“ಬಡ್ಯಾಂಗಿಲ್ರಿ. ಬುಟ್ಟಿ ಹೊರಸಾಂವ ಸತ್ತಾನ ಅಂದ್ರ, ಹೊರಾಕಿ ಹೆಂಗ ಬದುಕ್ಯಾಳ? ನನ್ನೂ ಸತ್ತವರಾಗ ಬರಕೊಳ್ರಿ.”

ಸಾಹೇಬರು ಅವಳ ತಾಯಿ, ಅಜ್ಜಿಯರನ್ನೆಲ್ಲ ಬಾಯಿತುಂಬ ನೆನೆದರು. ಅವಳ ರೆಪ್ಪೆ ಅಲ್ಲಾಡಲಿಲ್ಲ. ಆಮೇಲೆ ನಾನು ನಿಂತೆ. ನನ್ನ ಹಿಂದೆ ಮಾರೆವ್ವ, “ನೋಡೋ ಭಾಡ್ಯಾ, ಎಷ್ಟ ನೋಡ್ತಿ ನೋಡು” ಎಂದು ಗೊಣಗುತ್ತಲೇ ಫೋನನ್ನು ದಿಟ್ಟಿಸಿದಳು. ಒಬ್ಬರ ಹಿಂದೊಬ್ಬರು ನಿಂತೆವು, ಒಬ್ಬರ ಹಿಂದೊಬ್ಬರು ಸತ್ತೆವು. ಇಡೀ ಟೋಳಿ ಗೈರುಹಾಜರಿ, ನಾಳೆ ಯಾರಿಗೂ ಕೆಲಸವಿಲ್ಲ ಎಂದು ಸಾಹೇಬರು ಕಿರುಚಿದರು. ಹೆಣಗಳನ್ನು ಹೆದರಿಸುವ ಕಾಯ್ದೆ ಅವರ ಇಲಾಖೆಯಲ್ಲಿ ಇನ್ನೂ ಬಂದಿರಲಿಲ್ಲ.

ಕಡೆಗೆ ಉಳಿದವಳು ಸಣ್ಣವ್ವ. ನೀನಾದರೂ ಬಡಿ, ನಿನ್ನದಾದರೂ ಉಳಿಯಲಿ ಎಂದೆವು. ಅವಳು ಸೆರಗು ಬಿಗಿದು ಫೋನಿನೆದುರು ನಿಂತಳು. ಕೆರೆಯಂಗಳದ ಗಾಳಿ ಒಣಹೂಳು ಎತ್ತಿ ಮುಖಕ್ಕೆ ಎರಚಿತು. ಅವಳ ಕಣ್ಣು ಕೆಂಪಾಗಿ ನೀರು ಇಳಿಯಿತು. ರೆಪ್ಪೆ ಬೀಳಲಿಲ್ಲ.

ಕಳಕೇಶ ಗಾಬರಿಯಾಗಿ ಓಡಿಬಂದ. ಅಂಗಿಯ ತುದಿಯಿಂದ ಅವ್ವನ ಕೆನ್ನೆ ಒರೆಸುತ್ತ, ಧೂಳು ಹೊಕ್ಕ ತನ್ನ ಕಣ್ಣುಗಳನ್ನು ಪಟಪಟ ಬಡಿಯುತ್ತ ನಿಂತ. ಸಾಹೇಬರ ಫೋನು ಸಣ್ಣವ್ವನ ಮುಖದ ಮೇಲಿಂದ ಕದಲಲಿಲ್ಲ.