ಯಾವ ಪೊಟ್ಯಾಶ್?

ನಾಲ್ಕನೆಯ ದಿನ ಬೆಳಿಗ್ಗೆ ರಾಜೇಶ್ವರಿ ಒಂದು ದ್ರಾಕ್ಷಿಯನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಅದು ಈಗಷ್ಟೇ ಬಳ್ಳಿಯಿಂದ ಕಿತ್ತ ಹಣ್ಣಿನ ಹಾಗೆ ಟಪ್ಪನೆ ಒಡೆದು ಕೆನ್ನೆಗೆ ರಸ ಹಾರಿಸಿತು. ಇಷ್ಟು ಹೊತ್ತಿಗೆ ಅದರ ಸಿಪ್ಪೆ ಸುಕ್ಕು ಹಿಡಿದಿರಬೇಕಿತ್ತು. ಒತ್ತಿದರೆ ರಬ್ಬರಿನಂತೆ ಬಗ್ಗಬೇಕಿತ್ತು. ಆಕೆ ಇನ್ನೊಂದು ಒತ್ತಿದಳು. ಮೇಲಿನ ಸಾಲಿನಿಂದ ಒಂದು, ಕೆಳಗಿನ ಸಾಲಿನಿಂದ ಒಂದು. ಎಲ್ಲವೂ ಟಪ್ಪ ಟಪ್ಪ.

ಝಳಕಿಯ ಹೆದ್ದಾರಿಯಿಂದ ಒಂದು ಮೈಲಿ ಒಳಗೆ, ದ್ರಾಕ್ಷಿ ತೋಟದ ಬದಿಗೇ ಆ ಶೆಡ್ಡು. ಕಬ್ಬಿಣದ ಕಂಬಗಳಿಗೆ ಒಂದರ ಮೇಲೊಂದು ಹತ್ತು ಸಾಲು ಬಲೆ ಕಟ್ಟಿ, ಮೇಲೆ ತಗಡು ಹೊದಿಸಿದ್ದರು. ಆ ಬಲೆಗಳ ಮೇಲೆ ಮೂರು ಟನ್ ದ್ರಾಕ್ಷಿ ಗೊನೆಗೊನೆಯಾಗಿ ಮಲಗಿತ್ತು. ಹನ್ನೆರಡು ದಿನದಲ್ಲಿ ಅದೆಲ್ಲ ಒಣದ್ರಾಕ್ಷಿಯಾಗಬೇಕು. ನಮ್ಮ ಕಡೆ ಅದಕ್ಕೆ ಮನೂಕ ಅನ್ನುತ್ತಾರೆ.

ಪ್ರತಿ ವರ್ಷ ಹಸಿ ಹಣ್ಣನ್ನೇ ಮಾರುತ್ತಿದ್ದ ಮನೆ ಅದು. ಈ ವರ್ಷ ಮನೂಕ ಮಾಡೋಣ ಎಂದು ಹಟ ಹಿಡಿದವಳು ರಾಜೇಶ್ವರಿ. ಗಂಡ ಸಂಗಮೇಶನಿಗೆ ಬಳ್ಳಿಯ ಉಪಚಾರ ಸಾಕಾಗಿಹೋಗಿತ್ತು. ಒಂದು ಕಬ್ಬು ಹಚ್ಚಿ ನೀರು ಬಿಟ್ಟರೆ ಮುಗಿಯಿತು, ಇದಕ್ಕೆ ಮಗುವಿನ ಹಾಗೆ ದಿನಾ ಮೈ ಮುಟ್ಟಿ ನೋಡಬೇಕು ಎಂಬುದು ಅವನ ಗೊಣಗು. ಊಟಕ್ಕೆ ಕುಳಿತಾಗ ಒಂದು ದಿನ ತೀರ್ಮಾನ ಹೇಳಿಬಿಟ್ಟಿದ್ದ:

"ಈ ವರ್ಷ ನಿನ್ನ ಮಾತು ಆಗ್ಲಿ. ಮನೂಕ ಚಲೋ ಆದ್ರ ಬಳ್ಳಿ ಇರ್ತಾವ. ಕೆಟ್ಟು ಅಂದ್ರ ಬುಡಕ್ಕ ಕಿತ್ತು ಕಬ್ಬು ಹಚ್ಚೂದು. ಆಮ್ಯಾಲ ಅಳಾಂಗಿಲ್ಲ."

ಆ ಬಳ್ಳಿಗಳನ್ನು ಎಂಟು ವರ್ಷದ ಹಿಂದೆ ತಾನೇ ಕುಣಿ ತೋಡಿಸಿ ನೆಟ್ಟವಳು ರಾಜೇಶ್ವರಿ. ಯಾವ ಸಾಲಿನ ಯಾವ ಬಳ್ಳಿ ಮೊಂಡ, ಯಾವುದು ನಾಜೂಕು ಎಂದು ಕತ್ತಲಲ್ಲಿ ಕೇಳಿದರೂ ಹೇಳುವಳು. ಈಗ ಶೆಡ್ಡಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು, ಹೊರಗೆ ಬಂದು ಆಕಾಶ ನೋಡಿದಳು, ಮತ್ತೆ ಒಳಗೆ ಹೋದಳು. ಮಾರ್ಚ್ ತಿಂಗಳ ಕೊನೆ. ಸೊಲ್ಲಾಪುರದ ದಿಕ್ಕಿಗೆ ಬೂದುಬಣ್ಣದ ಮೋಡ ಗುಂಪುಗೂಡುತ್ತಿತ್ತು. ಮೊಬೈಲು ಸಂಜೆಗೆ ಮಳೆ ತೋರಿಸುತ್ತಿತ್ತು. ಒಳಗೆ ನೀರು ತುಂಬಿಕೊಂಡ ಹಣ್ಣಿಗೆ ಹೊರಗಿನ ಥಂಡಿ ಗಾಳಿ ತಾಗಿದರೆ ಬೂಸರು ಹಿಡಿಯಲು ಎರಡು ದಿನ ಸಾಕು.

ಹೊರಸಿನ ಮೇಲೆ ಕುಳಿತಿದ್ದ ಅತ್ತೆ ಚನ್ನವ್ವ ಎಲ್ಲ ನೋಡುತ್ತಿದ್ದಳು. "ಹಿಂಗ ಒತ್ತಿ ಒತ್ತಿ ನೋಡಿದ್ರ, ಒಣಗೂದಕ್ಕಿಂತ ಮೊದಲ ನೀನ ಎಲ್ಲಾ ಖಾಲಿ ಮಾಡ್ತಿ ನೋಡವ್ವ."

ರಾಜೇಶ್ವರಿ ಪರಮಾನಂದರಿಗೆ ಫೋನು ಹಚ್ಚಿದಳು. ಆರು ವರ್ಷದಿಂದ ಮನೂಕ ಮಾಡುವ ಪಕ್ಕದ ತೋಟದವರು. ಪೊಟ್ಯಾಶ್, ಎಣ್ಣೆ ಬೆರೆಸಿದ ನೀರಿನಲ್ಲಿ ಹಣ್ಣು ಅದ್ದಿ ಒಣಹಾಕುವ ಕೆಲಸ ಈಕೆಗೆ ಹೇಳಿಕೊಟ್ಟು ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೋಗಿದ್ದರು.

"ಪೊಟ್ಯಾಶ್ ಹಾಕೀರಿಲ್ಲ?"

"ಹಾಕೇವ್ರಿ. ನೂರು ಲೀಟರಿಗೆ ಎರಡೂವರಿ ಕಿಲೋ."

"ಎಣ್ಣಿ?"

"ಒಂದೂವರಿ ಲೀಟರ್ರಿ."

"ಹಣ್ಣು ಎರಡು ಮೂರು ಮಿನಿಟು ಅದ್ದೀರಿಲ್ಲ?"

"ಗಡಿಯಾರ ಹಿಡಕೊಂಡು ಅದ್ದೇವ್ರಿ."

"ಮತ್ತ ಎಲ್ಲಾ ಬರೋಬರಿ ಐತಿ. ತಾಳ್ರಿ, ಒಣಗ್ತದ."

ತಾಳುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಒಂದು ಗೊನೆ, ಡಬ್ಬಿಯಲ್ಲಿ ಉಳಿದಿದ್ದ ಒಂದು ಹಿಡಿ ಬಿಳಿ ಪುಡಿ ಕಟ್ಟಿಕೊಂಡು ಸ್ಕೂಟಿ ಹತ್ತಿ ಇಂಡಿಗೆ ಹೊರಟಳು. ಅಲ್ಲಿ ಮಹಮ್ಮದಹನೀಫ ಇದ್ದರು. ರಾಜೇಶ್ವರಿ ಪಿಯುಸಿ ಓದುವಾಗ ಆ ಕಾಲೇಜಿನ ಪ್ರಯೋಗಶಾಲೆಯ ಅಟೆಂಡರು. ಮೂವತ್ತೊಂದು ವರ್ಷ ಗಾಜಿನ ನಳಿಗೆ ತೊಳೆಯುತ್ತ, ಲೆಕ್ಚರರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುತ್ತ, ಕೊನೆಕೊನೆಗೆ ಹೊಸ ಲೆಕ್ಚರರಿಗೇ ಯಾವ ಬಾಟಲಿ ಯಾವುದರ ಪಕ್ಕ ಇಡಬಾರದು ಎಂದು ಹೇಳಿಕೊಡುತ್ತಿದ್ದವರು. ಯಾರಾದರೂ ಸರ್ ಎಂದರೆ ಕೈ ಅಲ್ಲಾಡಿಸಿ, ತಾನು ಪಾಠ ಮಾಡಿದವನಲ್ಲ, ಬಾಟಲಿ ತೊಳೆದವನು ಎನ್ನುವರು.

ಆಕೆ ನಿಂತಲ್ಲಿಂದಲೇ ಎಲ್ಲ ಹೇಳಿದಳು. ಅವರ ಹೆಂಡತಿ ಶಮಾ ತಂದ ಚಹಾ ಹಿಡಿದು ಅಂಗಳದಲ್ಲೇ ಓಡಾಡಿದಳು. ಹನೀಫರು ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು.

"ಇದು ಯಾವ ಪೊಟ್ಯಾಶ್?"

"ಪೊಟ್ಯಾಶ್ ಅಂದ್ರ ಪೊಟ್ಯಾಶ್, ಚಾಚಾ. ಬಿಳೇದು."

"ಎಲ್ಲೆ ತಂದ್ರಿ?"

"ಗೊಬ್ಬರದ ಅಂಗಡ್ಯಾಗ. ನಮ್ಮ ಮೈದುನ ತಂದಾನ."

ಹನೀಫರು ಹಿತ್ತಲಿನ ಗಿಡದಿಂದ ಒಂದು ಲಿಂಬೆಹಣ್ಣು ಕಿತ್ತು ತಂದು ಹೋಳು ಮಾಡಿದರು. ಒಂದು ಬಸಿಯಲ್ಲಿ ಅವಳ ಪುಡಿ, ಇನ್ನೊಂದರಲ್ಲಿ ಶಮಾ ಹಪ್ಪಳಕ್ಕೆ ಹಾಕುವ ಸೋಡಾ. ಎರಡರ ಮೇಲೂ ರಸ ಹಿಂಡಿದರು. ಹಪ್ಪಳದ ಸೋಡಾ ಬುಸ್ಸೆಂದು ನೊರೆಯೆದ್ದಿತು. ರಾಜೇಶ್ವರಿಯ ಪುಡಿ ಸುಮ್ಮನೆ ಒದ್ದೆಯಾಗಿ ಕುಳಿತಿತು. ಆಮೇಲೆ ಎರಡನ್ನೂ ನೀರಲ್ಲಿ ಕರಗಿಸಿ ಅರಿಶಿನ ಹಚ್ಚಿದ ಕಾಗದದ ಮೇಲೆ ಒಂದೊಂದು ಹನಿ ಬಿಟ್ಟರು. ಸೋಡಾದ ಹನಿ ಬಿದ್ದಲ್ಲಿ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿತು. ಅವಳದು ಅರಿಶಿನವಾಗಿಯೇ ಉಳಿಯಿತು.

"ಪೊಟ್ಯಾಶಿಯಂ ಅಂಬೂದು ಒಂದ ಐತವ್ವ," ಎಂದರು ಹನೀಫರು. "ಆದ್ರ ಅದು ಒಂಟಿ ಇರೂದಿಲ್ಲ. ಯಾರ ಜೋಡಿ ಐತಿ ಅನ್ನೂದರ ಮ್ಯಾಲ ಅದರ ಗುಣ. ನೀ ಕಾಲೇಜಿನ್ಯಾಗ ಗೆಳತ್ಯಾರ ಜೋಡಿ ಇದ್ದಾಗ ಎಷ್ಟು ಬುಸುಗುಡ್ತಿದ್ದಿ, ಅತ್ತಿ ಮುಂದ ಹಂಗ ಇರ್ತೀಯೇನು? ರಾಜೇಶ್ವರಿ ಅಕಿನ, ಜೋಡಿ ಬ್ಯಾರೆ. ಇದು ಸಲ್ಫೇಟಿನ ಜೋಡಿ ಇದ್ದದ್ದು, ಬೇರಿಗೆ ಹಾಕೂ ಗೊಬ್ಬರ. ಮನೂಕಕ್ಕ ಬೇಕಾದದ್ದು ಕಾರ್ಬೋನೇಟಿನ ಜೋಡಿ ಇದ್ದದ್ದು."

ಪರಮಾನಂದರ ಶೆಡ್ಡಿನಲ್ಲಿ ಆರು ವರ್ಷದಿಂದ ಪೊಟ್ಯಾಶಿಯಂ ಕಾರ್ಬೋನೇಟಿಗೆ ಬರೀ ಪೊಟ್ಯಾಶ್ ಎಂದೇ ಹೆಸರು. ಗೊಬ್ಬರದ ಅಂಗಡಿಯಲ್ಲಿ ಪೊಟ್ಯಾಶ್ ಎಂದರೆ ಗೊಬ್ಬರ. ಅಂಗಡಿಯವನು ಕೇಳಿದ್ದನ್ನೇ ಕೊಟ್ಟಿದ್ದ.

ಆಕೆ ಗೊನೆ ಮುಂದಿಟ್ಟಳು. ಹನೀಫರು ಒಂದು ಹಣ್ಣಿನ ಮೇಲೆ ಹೆಬ್ಬೆರಳು ಉಜ್ಜಿ ತೋರಿಸಿದರು. ಬಿಳಿಯ ಮಬ್ಬು ಬೆರಳಿಗೆ ಹತ್ತಿತು. ಜನ ಅದನ್ನು ಧೂಳು ಎನ್ನುತ್ತಾರೆ, ಅದು ಹಣ್ಣು ತಾನೇ ಹೊದ್ದುಕೊಂಡ ಮೇಣ ಎಂದು ವಿವರಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಬಿಲ್ಲೆಗಳು, ಮನೆಯ ಮೇಲಿನ ಹಂಚಿನ ಹಾಗೆ ಒಂದರ ಮೇಲೊಂದು ಕುಳಿತಿರುತ್ತವೆ. ಹಂಚು ಹೊರಗಿನ ನೀರು ಒಳಗೆ ಬಿಡುವುದಿಲ್ಲ, ಇದು ಒಳಗಿನ ನೀರು ಹೊರಗೆ ಬಿಡುವುದಿಲ್ಲ. ಹಾಗೇ ಬಿಟ್ಟರೆ ಹಣ್ಣು ಒಣಗಲು ತಿಂಗಳು ಬೇಕು. ಅದ್ದುವ ಎಣ್ಣೆಯ ಕೆಲಸ ಆ ಹಂಚುಗಳ ಸಂದಿಯಲ್ಲಿ ಇಳಿದು ನೀರಿಗೆ ದಾರಿ ಮಾಡುವುದು. ಆದರೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಲ್ಲ? ಕಾರ್ಬೋನೇಟು ಕ್ಷಾರ ಗುಣದ್ದು. ಎಣ್ಣೆಯೊಳಗಿನ ಹುಳಿಯ ಅಂಶವನ್ನು ಹಿಡಿದು ಚೂರು ಸಾಬೂನು ಮಾಡುತ್ತದೆ. ಆ ಸಾಬೂನು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಿ ಹಿಡಿದಿಡುತ್ತದೆ.

"ನೀ ಅದ್ದುವಾಗ ನೀರು ಹಾಲಿನಂಗ ಬೆಳ್ಳಗಾಗಿತ್ತೇನು?"

ರಾಜೇಶ್ವರಿ ಲೋಟ ಕೆಳಗಿಟ್ಟಳು. ಆಗಿರಲಿಲ್ಲ. ಎಣ್ಣೆ ಮೇಲೆ ಹಳದಿ ಪದರಾಗಿ ನಿಂತಿತ್ತು. ಹೀಗೇ ಇರುತ್ತದೇನೋ ಎಂದುಕೊಂಡಿದ್ದಳು.

ಮೈದುನ ಕಲ್ಮೇಶನಿಗೆ ಫೋನು ಮಾಡಿ, ತಕ್ಷಣ ವಿಜಯಪುರಕ್ಕೆ ಹೋಗಿ ತರಲು ಹೇಳಿದಳು. "ಕಾರ್ಬೋನೇಟ್ ಅಂತ ಕೇಳಪ್ಪ. ಬರೀ ಪೊಟ್ಯಾಶ್ ಅನಬ್ಯಾಡ."

ಕಲ್ಮೇಶ ಅತ್ತಿಗೆಯ ಮಾತನ್ನು ಅಲ್ಲೇ ತಡೆದ. "ವೈನಿ, ಚೀಟಿಯೊಳಗ ಪೊಟ್ಯಾಶ್ ಅಂತ ಬರದವ್ರು ನೀವs."

ನಿಜವೇ. ಆಕೆಯ ಕೈಬರಹವೇ.

ಅವನು ಹೋಗಿ ಬರುವಷ್ಟರಲ್ಲಿ ನಾಲ್ಕು ಗಂಟೆ. ಗೊನೆ ಇಳಿಸಿ ಮತ್ತೆ ಅದ್ದದೆ ಬಲೆಯ ಮೇಲೆಯೇ ಪಂಪಿನಿಂದ ಹೊಡೆದರೂ ಮೂರು ಟನ್ನಿಗೆ ಇನ್ನೂ ಎರಡು ಮೂರು ತಾಸು. ಮೋಡ ಅಷ್ಟು ಕಾಯುವಂತೆ ಕಾಣುತ್ತಿರಲಿಲ್ಲ. ಅರ್ಧ ಶೆಡ್ಡಿಗಾದರೂ ಈಗಲೇ ಏನಾದರೂ ಮಾಡಬಹುದೇ ಎಂದು ಆಕೆ ಕೇಳಿದಳು. ಹನೀಫರು ತಲೆ ಕೆರೆದುಕೊಂಡು, ಮನೆಯಲ್ಲಿ ನೀರು ಕಾಯಿಸುವ ಒಲೆಗೆ ಏನು ಉರಿಸುತ್ತೀರಿ ಎಂದರು.

"ತೊಗರಿ ಕಟಗಿ."

"ಮತ್ತ ಮಾಲು ಮನ್ಯಾಗ ಇಟಗೊಂಡು ಊರು ತಿರಗಾಕತ್ತೀಯಲ್ಲ. ಬೂದಿಯೊಳಗ ಏನೈತಿ ಅಂತ ಮಾಡೀದಿ?"

ಗಿಡ ಬದುಕಿರುವಷ್ಟು ದಿನ ನೆಲದಿಂದ ಪೊಟ್ಯಾಶಿಯಂ ಹೀರುತ್ತದೆ. ಸುಟ್ಟಾಗ ಉಳಿದದ್ದೆಲ್ಲ ಹೊಗೆಯಾಗಿ ಹೋದರೂ ಅದು ಹೋಗುವುದಿಲ್ಲ, ಕಾರ್ಬೋನೇಟಾಗಿ ಬೂದಿಯಲ್ಲಿ ಕೂರುತ್ತದೆ. ಹಿಂದೆ ಪರದೇಶದವರು ಬೂದಿಯ ನೀರನ್ನು ಗಡಿಗೆಯಲ್ಲಿ ಬತ್ತಿಸಿ ಅದನ್ನು ತೆಗೆಯುತ್ತಿದ್ದರು. ಪೊಟ್ಯಾಶ್ ಎಂದರೆ ಗಡಿಗೆ ಬೂದಿ ಎಂದೇ ಅರ್ಥ, ಹೆಸರು ಬಂದದ್ದೇ ಅಲ್ಲಿಂದ ಎಂದರು. ಕೈಗೆ ರಬ್ಬರಿನ ಗವಸು ಹಾಕಿಕೊಳ್ಳಬೇಕು, ಕಣ್ಣಿಗೆ ಸಿಡಿಸಿಕೊಳ್ಳಬಾರದು ಎಂದು ಗೇಟಿನವರೆಗೂ ಹೇಳುತ್ತ ಬಂದರು. ಆಕೆ ಆಗಲೇ ಸ್ಕೂಟಿ ಚಾಲೂ ಮಾಡಿದ್ದಳು.

ಮನೆಗೆ ಬಂದು ಬೂದಿ ಕೇಳಿದಾಗ ಚನ್ನವ್ವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೇಳೆಕಾಳಿಗೆ ಹುಳ ಬೀಳದಿರಲೆಂದು ಬೂದಿ ಕೂಡಿಸಿಡುವುದು ಆಕೆಯ ರೂಢಿ. ನಾಲ್ಕು ಚೀಲ ತುಂಬಿತ್ತು. ಯಾವುದಕ್ಕೆ ಎಂದು ತಿಳಿದ ಮೇಲೆ ಆಕೆಯೇ ಸೀರೆ ಎತ್ತಿ ಕಟ್ಟಿ ಎದ್ದಳು.

"ಬೂದಿ ತಿಳಿ ಅನ್ನು, ಅದನ್ನ ಹೇಳಾಕ ಇಂಡಿತನಕ ಹೋಗಿದ್ದೀ? ಸಾಬೂನು ಎಲ್ಲೈತಿ ಆಗ, ನಾವು ಕೌದಿ ಒಗೀತಿದ್ದದ್ದs ಅದರಾಗ. ಬಿಸಿನೀರು ಹಾಕು. ಥಣ್ಣೀರಿಗೆ ಅದು ಬಿಡಾಂಗಿಲ್ಲ."

ಬೂದಿ ಜರಡಿ ಹಿಡಿದು, ಬಿಸಿನೀರು ಹಾಕಿ ಕಲಕಿ, ತಾಸು ಬಿಟ್ಟು ನಾಲ್ಕು ಮಡಿಕೆಯ ಧೋತರದಲ್ಲಿ ಸೋಸಿದರು. ತೆಳ್ಳನೆಯ ಚಹಾದ ಬಣ್ಣದ ನೀರು ಬಂತು. ಚನ್ನವ್ವ ಬೆರಳು ಅದ್ದಿ ಉಜ್ಜಿ ನೋಡಿ, ಇನ್ನೂ ಜಾರುತ್ತಿಲ್ಲ ಎಂದು ಅದೇ ನೀರನ್ನು ಮತ್ತೊಂದು ಚೀಲದ ಬೂದಿಗೆ ಸುರಿಸಿದಳು. ಎರಡನೆಯ ಸಲ ಸೋಸಿದಾಗ ಬೆರಳು ಜಾರಿತು. ರಾಜೇಶ್ವರಿ ಅರಿಶಿನ ಹಚ್ಚಿದ ಬಟ್ಟೆ ಅದ್ದಿದಳು. ಬಟ್ಟೆ ಕೆಂಪಾಯಿತು. ಉಳಿದಿದ್ದ ಎಣ್ಣೆಯ ಡಬ್ಬಿ ಬಿಚ್ಚಿ, ಒಂದು ಕೋಲಿನಿಂದ ತಿರುಗಿಸುತ್ತ, ಸಣ್ಣ ಧಾರೆಯಾಗಿ ಬಿಟ್ಟಳು.

ನೀರು ಬೆಳ್ಳಗಾಯಿತು. ಎಮ್ಮೆಯ ಹಾಲಿನಷ್ಟು ಬೆಳ್ಳಗೆ. ಮೇಲೆ ಎಣ್ಣೆಯ ಒಂದು ಕಣ್ಣೂ ಇರಲಿಲ್ಲ.

ಅಷ್ಟರಲ್ಲಿ ಸಂಗಮೇಶ ಬಂದ. ಬೂದಿಯ ರಾಶಿ, ತಾಯಿಯ ಕರಿ ಕೈ, ಹೆಂಡತಿಯ ಕೆಂಪು ಬಟ್ಟೆ ನೋಡಿ ಬಾಗಿಲಲ್ಲೇ ನಿಂತ. "ಮನೂಕ ಮಾಡಾಕತ್ತೀರೋ, ಬಾಂಡೆ ತಿಕ್ಕಾಕತ್ತೀರೋ?"

ರಾಜೇಶ್ವರಿ ತಪ್ಪು ಮುಚ್ಚಿಡಲಿಲ್ಲ. ತಾನು ಚೀಟಿಯಲ್ಲಿ ಏನು ಬರೆದಿದ್ದೆ, ಬಂದದ್ದು ಏನು, ನಾಲ್ಕು ದಿನ ಹೇಗೆ ಹೋದವು ಎಲ್ಲ ಒಂದೇ ಉಸಿರಿಗೆ ಹೇಳಿ, ಹೊಡೆಯುವ ಪಂಪನ್ನು ಬೆನ್ನಿಗೇರಿಸಲು ಬಾಗಿದಳು. ಕಬ್ಬಿನ ಮಾತು ಈಗ ಬರುತ್ತದೆ ಎಂದು ಕಾದಳು. ಅವನು ಗಾಳಿಯ ದಿಕ್ಕು ನೋಡಿದ. ಆಮೇಲೆ ಪಂಪು ಕಸಿದು ತನ್ನ ಬೆನ್ನಿಗೆ ಹಾಕಿಕೊಂಡ. "ನೀ ಗೊನಿ ತಿರುವಿ ಕೊಡು. ತಳಾನೂ ತೋಯಬೇಕಲ್ಲ."

ಬೂದಿಯ ಹಾಲು ಮೂರು ಸಾಲಿಗೆ ಸಾಕಾಯಿತು. ನಾಲ್ಕೂ ಕಾಲಿಗೆ ಕಲ್ಮೇಶನ ಮೋಟರ್‌ಸೈಕಲ್ ಬಂತು. ಅವನು ಚೀಲ ಇಳಿಸುವ ಮೊದಲೇ ರಾಜೇಶ್ವರಿ ಅದರ ಮೂಲೆ ಹರಿದು ಒಂದು ಚಿಟಿಕೆ ತೆಗೆದು ಲಿಂಬೆ ಹಿಂಡಿದಳು. ಬುಸ್ಸೆಂದಿತು.

"ಇನ್ನ ಮನಿಗೆ ಬಂದ ಬೀಗರಿಗೂ ಲಿಂಬಿ ಹಿಂಡೇ ಒಳಗ ಕರಕೊಳ್ಳಾಕಿ ನಮ್ಮ ವೈನಿ," ಎಂದ ಕಲ್ಮೇಶ. ಯಾರೂ ನಗುವಷ್ಟು ಪುರುಸೊತ್ತಿನಲ್ಲಿರಲಿಲ್ಲ.

ಇನ್ನೂ ಆರು ಸಾಲು ಮುಗಿದು, ಕೊನೆಯ ಸಾಲು ಅರ್ಧವಾಗಿತ್ತು. ಮಳೆ ಬಂತು. ನಾಲ್ವರೂ ಸೇರಿ ತಾಡಪತ್ರಿ ಎಳೆದು ಕಟ್ಟಿದರು. ಅರ್ಧ ತಾಸು ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಪಡುವಣ ಬದಿಯಲ್ಲಿ ಒಂದು ಹಗ್ಗ ಕಿತ್ತು ಎರಚಲು ಒಳಗೆ ನುಗ್ಗಿತು. ಆ ಮೂಲೆಯ ಹಣ್ಣಿನ ಮೇಲೆ ರಾಜೇಶ್ವರಿ ತನ್ನ ಸೆರಗನ್ನೇ ಹಿಡಿದು ನಿಂತಳು, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ.

ಮರುದಿನ ಬಿಸಿಲು ಬಿತ್ತು. ಅದರ ಮರುದಿನ ಹಣ್ಣು ಒತ್ತಿದರೆ ಒಡೆಯಲಿಲ್ಲ, ಬೆರಳಿನ ಗುರುತು ಉಳಿಯಿತು. ನಂತರ ಸುಕ್ಕು ಬಂತು. ಆಕೆಗೆ ಮಾತ್ರ ಒಂದು ಕಡೆ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಹೋಗಿ ಒತ್ತಿ ನೋಡಿ ಬರುವಳು. ಎರಚಲು ಹೊಡೆದ ಮೂಲೆಯಲ್ಲಿ ಬೂಸರು ಬಂದು ನಾಲ್ಕೈದು ಬುಟ್ಟಿ ಎಸೆಯಬೇಕಾಯಿತು. ಬೂದಿಯ ಮೂರು ಸಾಲು ಉಳಿದವಕ್ಕಿಂತ ತುಸು ಕಂದು ಬಣ್ಣಕ್ಕೆ ಒಣಗಿದವು. ಅವನ್ನು ಯಾರು ಕೇಳುತ್ತಾರೋ ಎಂದು ಹೆದರಿ ಬೇರೆಯೇ ರಾಶಿ ಹಾಕಿದಳು. ಉಳಿದ ರಾಶಿ ಹಸಿರು ಮಿಶ್ರಿತ ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಿತ್ತು.

ರಾಶಿ ತೂರುವ ದಿನ ಸಂಗಮೇಶ ಬಂದು ಕುಕ್ಕುರುಗಾಲಲ್ಲಿ ಕುಳಿತ. ಹೊನ್ನಿನ ಬಣ್ಣದ್ದರಲ್ಲಿ ಎರಡು ಬಾಯಿಗೆ ಹಾಕಿದ. ಕಂದು ರಾಶಿಯಿಂದ ಎರಡು ಹಾಕಿದ. ಮತ್ತೆ ಕಂದು ರಾಶಿಗೇ ಕೈ ಹೋಯಿತು. ರಾಜೇಶ್ವರಿ ಮೊರ ಹಿಡಿದು ನಿಂತೇ ಇದ್ದಳು.

"ಚಾಟ್ನಿ ಆಳಿಗೆ ಯಾವತ್ತು ಬರ್ರಿ ಅಂತ ಹೇಳ್ಲಿ?" ಎಂದು ಅವನು ಜಗಿಯುತ್ತಲೇ ಕೇಳಿದ. ಹಣ್ಣು ಮುಗಿದ ಮೇಲೆ ಮುಂದಿನ ಬೆಳೆಗೆಂದು ಬಳ್ಳಿ ಕತ್ತರಿಸುವ ಕೆಲಸಕ್ಕೆ ಚಾಟ್ನಿ ಎನ್ನುತ್ತಾರೆ. ಕಿತ್ತು ಒಗೆಯುವ ಬಳ್ಳಿಗೆ ಯಾರೂ ಅದನ್ನು ಮಾಡುವುದಿಲ್ಲ.

"ಸೋಮವಾರ," ಎಂದಳು ರಾಜೇಶ್ವರಿ. ಮೊರ ಕೆಳಗಿಟ್ಟಳು. "ಅಲ್ಲ, ನಾಳೇನ ಬರಲಿ. ತಡಾ ಆತಂದ್ರ ಚಿಗುರು ಒಂದs ಸಮ ಬರಾಂಗಿಲ್ಲ." ಅಂದವಳೇ ಕತ್ತರಿ ಹುಡುಕಲು ಒಳಗೆ ನಡೆದಳು.