ಪ್ರಿಂಟರಿಗೊಂದು ದಾರಿ

ಆ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವ ಇಂಜಿನಿಯರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ತಡೆಗೋಡೆ. ಏನು ಕೇಳಿದರೂ ಮೊದಲು "ಯಾಕೆ" ಎನ್ನುತ್ತಾಳೆ ಎಂಬುದು ಅವಳ ಮೇಲಿದ್ದ ದೂರು. ಕಟ್ಟಡದ ಮ್ಯಾನೇಜರು ಅವಳ ಸ್ವಂತ ಅಕ್ಕನ ಗಂಡ. ಕೆಲಸ ಕೊಡಿಸಿದ್ದು ತಾವೇ ಎಂಬುದನ್ನು ಅವರು, ಅವಳು ಮರೆತುಬಿಟ್ಟಾಳೆಂಬ ಕಾಳಜಿಯಿಂದ, ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಅವಳ ಒಂದು ವರ್ಷದ ಕರಾರು ಶುಕ್ರವಾರಕ್ಕೆ ಮುಗಿಯುತ್ತಿತ್ತು. ನವೀಕರಣದ ಕಾಗದ ಅವರ ಸಹಿಗೆ ಕಾದಿತ್ತು.

ರೂಟರ್ ಇದ್ದದ್ದು ನೆಲ ಒರೆಸುವ ಬಕೆಟ್ಟುಗಳನ್ನಿಡುವ ಕೋಣೆಯಲ್ಲಿ. ಪೆಟ್ಟಿಗೆ ಒಂದೇ, ಒಳಗೆ ಮೂರು ರೂಟರುಗಳ ಸಂಸಾರ: ನೆಲಮಹಡಿಯ ರಕ್ತಪರೀಕ್ಷೆಯ ಲ್ಯಾಬಿಗೊಂದು, ಮೂರನೇ ಮಹಡಿಯ ವಿಮಾ ಕಂಪನಿಗೊಂದು, ಕಟ್ಟಡದ ಆಫೀಸಿಗೊಂದು. ವಿಆರ್‌ಎಫ್ ಎಂದರೆ ಈ ಏರ್ಪಾಟೇ. ಪ್ರತಿಯೊಂದಕ್ಕೂ ತನ್ನ ಯಂತ್ರಗಳನ್ನು ತಲುಪುವ ದಾರಿಗಳ ಪಟ್ಟಿ ಬೇರೆ. ಒಬ್ಬರದು ಇನ್ನೊಬ್ಬರಿಗೆ ಕಾಣದು. ಈ ದಾರಿಗಳ ಸುದ್ದಿ ಹಂಚುವ ಬಿಜಿಪಿ ಎಂಬ ವ್ಯವಸ್ಥೆ ಪ್ರತಿ ದಾರಿಗೂ ಯಾರದೆಂಬ ಚೀಟಿ ಅಂಟಿಸಿ ಸಾರುತ್ತದೆ. ಯಾರ ಚೀಟಿಯನ್ನು ಒಳಗೆ ಬಿಟ್ಟುಕೊಳ್ಳಲು ಹೇಳಿದೆವೋ ಅವರ ದಾರಿಗಳೆಲ್ಲ ಒಳಗೆ ಬರುತ್ತವೆ.

ಬುಧವಾರ ಹನ್ನೊಂದಕ್ಕೆ ಭಾವ ಒಂದು ಹಾಳೆ ಹಿಡಿದು ಬಂದರು. ಲ್ಯಾಬಿನ ಕೌಂಟರಿನಲ್ಲಿರುವ ಪ್ರಿಂಟರು ವಿಮಾ ಕಂಪನಿಗೆ ಬೇಕಂತೆ. ಪಾಲಿಸಿ ಕೊಳ್ಳುವವರು ರಕ್ತ ಕೊಡಲು ಬಂದಾಗ ಅವರ ಫಾರಂ ಅಲ್ಲೇ ಪ್ರಿಂಟಾಗಲಿ ಎಂದು. ಅಷ್ಟಕ್ಕೆ ಲ್ಯಾಬಿನವರೂ ಒಪ್ಪಿದ್ದರು. ಟೈಪ್ ಮಾಡಬೇಕಾದ ಸಾಲುಗಳನ್ನು ಕಂಪನಿಯವರೇ, ಅವಳಿಗೆ ಶ್ರಮವಾಗದಿರಲೆಂದು, ಬರೆದು ಕಳಿಸಿದ್ದರು.

"ಒಂದೇ ಒಂದು ಪ್ರಿಂಟರು ಕಣಮ್ಮ. ಹನ್ನೆರಡರೊಳಗೆ ಆಗುತ್ತೆ ಅಂತ ಮಾತು ಕೊಟ್ಟಿದ್ದೀನಿ."

ಅವಳು ಹಾಳೆಯನ್ನು ಎರಡು ಸಲ ಓದಿದಳು. "ಪ್ರಿಂಟರಿಗೆ ಒಂದು ದಾರಿ ಸಾಕು, ಭಾವ. ಇದು ಲ್ಯಾಬಿನ ಚೀಟಿ ಇರೋದನ್ನೆಲ್ಲ ಎಳ್ಕೊಳ್ಳುತ್ತೆ. ಮಧ್ಯದಲ್ಲಿ ಸೋಸೋಕೆ ಏನೂ ಹಾಕಿಲ್ಲ."

"ಆಫೀಸಲ್ಲಿ ಸರ್ ಅನ್ನು."

"ಎಲ್ಲಾ ಎಳ್ಕೊಳ್ಳುತ್ತೆ, ಸರ್."

"ಅವರು ದೊಡ್ಡ ಕಂಪನಿ. ಗೊತ್ತಿರೋರೇ ಬರೆದಿರ್ತಾರೆ."

"ನನ್ನ ಚಿಂತೆನೂ ಅದೇ."

ಜಾರಿ ಮಾಡದೆ ಬರಿಯ ಕರಡಾಗಿ ಆ ಸಾಲುಗಳನ್ನು ಹಾಕಿ ನೋಡಿದಳು. ಎಷ್ಟು ದಾರಿ ತೆರೆಯುತ್ತದೆಂದು ಯಂತ್ರ ಲೆಕ್ಕ ಹಾಕಿತು: ನಲವತ್ತಮೂರು. ಪ್ರಿಂಟರಿನ ವಿಳಾಸವೊಂದನ್ನೇ ಬಿಡುವ ಸೋಸುಸಾಲನ್ನು ಬರೆದು ತೋರಿಸಿದಳು. ಭಾವ ಬೇಡವೆಂದು ಕೈಯಾಡಿಸಿಬಿಟ್ಟರು.

"ಒಂದಕ್ಷರ ಬದಲಾಯಿಸಬಾರದು ಅಂದಿದ್ದಾರೆ. ನಿನ್ನ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ, ನೆನಪಿರಲಿ."

ನೆನಪಿತ್ತು. ಈ ಕೆಲಸಕ್ಕೆ ಮುಂಚೆ ಎಂಟು ತಿಂಗಳು ಮನೆಯಲ್ಲಿ ಕೂತದ್ದೂ, ಆ ಎಂಟು ತಿಂಗಳೂ ಭಾವ ಹಿತವಚನ ಹೇಳಿದ್ದೂ ನೆನಪಿತ್ತು. ಅವಳು ಕೀಬೋರ್ಡನ್ನು ಅವರತ್ತ ಸರಿಸಿದಳು.

"ನಾನು ಒತ್ತಲ್ಲ. ನೀವೇ ಒತ್ತಿ, ಸರ್. ಯಾರು ಒತ್ತಿದ್ದು ಅಂತ ಒಂದು ಹೆಸರು ಕೇಳುತ್ತೆ, ಅಷ್ಟೇ."

ಮುಂದೆ ಬಂದಿದ್ದ ಕೈ ದಾರಿ ಬದಲಿಸಿ ಕಾಲರು ಸರಿಮಾಡಿಕೊಂಡಿತು. "ಹೆಸರು ಯಾಕೆ?"

"ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳ್ಬೇಕು ಅಂತ."

ಭಾವ ಬಕೆಟ್ಟುಗಳ ಪಕ್ಕದ ಗೋಡೆಗೆ ಒರಗಿ ನಿಂತರು. "ಉಳಿದ ನಲವತ್ತೆರಡರಲ್ಲಿ ಅಂಥಾದ್ದೇನಿದೆ?"

"ಪರೀಕ್ಷೆ ಯಂತ್ರಗಳಿವೆ. ಐದು ವರ್ಷದ ರಿಪೋರ್ಟುಗಳಿರೋ ಸರ್ವರ್ ಇದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ; ಹೊರಗಿನವರಿಗೆ ಕಾಣೋದೇ ಇಲ್ಲವಲ್ಲ ಅಂತ ಲ್ಯಾಬಿನವರು ಹಾಕಿಲ್ಲ."

"ಇರಲಿ ಬಿಡು. ಯಾರದೋ ರಕ್ತದ ರಿಪೋರ್ಟಲ್ಲಿ ವಿಮಾದವರಿಗೆ ಏನು ಸಿಗುತ್ತೆ?"

"ಸಕ್ಕರೆ ಸಿಗುತ್ತೆ," ಎಂದಳು. "ನೀವೂ ಮೂರು ತಿಂಗಳಿಗೊಂದ್ಸಲ ಇಲ್ಲೇ ರಕ್ತ ಕೊಡ್ತೀರಂತೆ. ಪಾಲಿಸಿನೂ ಮೇಲಿನವರದ್ದೇ ಅಂತೆ. ಅದರಲ್ಲಿ ಸಕ್ಕರೆ ಕಾಯಿಲೆ ಇಲ್ಲ ಅಂತ ಬರೆದಿದ್ದೀರಂತೆ. ಅಕ್ಕ ಹೇಳಿದ್ಲು."

ಭಾವ ಹೋಗಿ ಕೋಣೆಯ ಬಾಗಿಲು ಮುಚ್ಚಿಬಂದರು.

"ನಿಮ್ಮಕ್ಕನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ," ಎಂದರು ಭಾವ. ಆಮೇಲೆ ಗಂಟಲು ಸರಿಮಾಡಿಕೊಂಡು, ಜನ್ಮದಿಂದಲೂ ಅದೇ ಅವರ ಸಿದ್ಧಾಂತವಾಗಿತ್ತೇನೋ ಎಂಬಂತೆ, "ಜನರ ಗುಟ್ಟು ಅಂತ ಒಂದಿದೆಯಲ್ಲಮ್ಮ. ಅದನ್ನ ಕಾಪಾಡೋದು ನಮ್ಮ ಧರ್ಮ ಅಲ್ವಾ?"

"ಹೌದು, ಸರ್."

"ನಿನ್ನ ಸಾಲನ್ನೇ ಹಾಕು. ಬೇಗ."

ಅವಳು ಸೋಸುಸಾಲನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿಸಿದಳು. ಒಂದೇ ದಾರಿ. ತನ್ನ ಹೆಸರು ಕೊಟ್ಟು ಒತ್ತಿದಳು. ಕೆಳಗೆ ಲ್ಯಾಬಿನಲ್ಲಿ ವಿಮಾ ಕಂಪನಿಯ ಒಂದು ಖಾಲಿ ಫಾರಂ ಪ್ರಿಂಟಾಗಿ ಬಂತು.

ಭಾವ ಕಾರಿಡಾರಿನಲ್ಲೇ ನಿಂತು, ನಾಲ್ಕು ಜನಕ್ಕೆ ಕೇಳುವಂತೆ, ಮೂರನೇ ಮಹಡಿಗೆ ಫೋನು ಮಾಡಿದರು. "ನಿಮ್ಮ ಸಾಲಲ್ಲಿ ದೊಡ್ಡ ಲೋಪ ಇತ್ತು ಸ್ವಾಮಿ. ನಾನೇ ಖುದ್ದಾಗಿ ಒಂದೊಂದು ದಾರಿನೂ ನೋಡಿದೆ. ನಮ್ಮಲ್ಲಿ ಅಂಥ ಸಡಿಲ ನಡೆಯಲ್ಲ."

ಸಂಜೆಗೆ ನವೀಕರಣದ ಕಾಗದ ಸಹಿಯಾಗಿ ಬಂತು. ಷರಾ ಜಾಗದಲ್ಲಿ ಭಾವ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು: "ಮೇಲಧಿಕಾರಿಯ ನಿಕಟ ಮಾರ್ಗದರ್ಶನವಿದ್ದರೆ ತೃಪ್ತಿಕರವಾಗಿ ಕೆಲಸ ಮಾಡುತ್ತಾರೆ." ಅವಳು ಅದನ್ನು ನಗದೆ ಓದಿದಳು. ಕರಾರು ಮುಗಿಯುವ ದಿನಾಂಕದಲ್ಲಿ ಮುಂದಿನ ವರ್ಷದ ಬದಲು ಈ ವರ್ಷವೇ ಉಳಿದುಕೊಂಡಿತ್ತು. ಪೆನ್ಸಿಲಿನಲ್ಲಿ ಸುತ್ತುಹಾಕಿ, ತಿದ್ದಿ ಮತ್ತೊಮ್ಮೆ ಸಹಿ ಹಾಕಿಕೊಡಬೇಕೆಂದು ವಾಪಸು ಕಳಿಸಿದಳು.